ಕಾಲಿಗೆ ಚುಚ್ಚಿದ ಸೂಜಿ

ಊಟಕ್ಕೆ ಕೂತರೆ ಕಲೀಪಾ ಬಾಗಿಲ ಪಕ್ಕವೇ ಕೂರುವಳು. ಐವತ್ತೇಳು ವರ್ಷದ ಮನೆಯೊಡತಿ ಕೂರಬೇಕಾದದ್ದು ಬಾಗಿಲಿಗೆ ಎದುರಾಗಿ, ಒಳಗೋಡೆಗೆ ಒರಗಿ, ಗಂಡ ಓಸ್ಮೋನನ ಪಕ್ಕದಲ್ಲಿ. ಅದು ಹಿರಿಯರು ಕೂರುವ ಮೇಲಿನ ಜಾಗ, ತೋರ್. ಬಾಗಿಲ ಬದಿ ಏನಿದ್ದರೂ ಚಹಾ ಸುರಿಯುವ ಸೊಸೆಯದು. ಆದರೆ ಟೋಕ್ಮೋಕ್ ಊರಿನ ಆ ಮನೆಯಲ್ಲಿ ಎರಡು ವರ್ಷದಿಂದ ಅತ್ತೆ ಸೊಸೆ ಇಬ್ಬರೂ ಹೊಸ್ತಿಲ ಹತ್ತಿರವೇ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು, ಮೇಲೆ ಓಸ್ಮೋನ್ ಒಬ್ಬನೇ ದಿಂಬಿಗೆ ಒರಗಿ ರೊಟ್ಟಿ ಮುರಿಯುತ್ತಿದ್ದ.

"ಏ ಮುದುಕೀ, ಅಲ್ಲೇನು ಕಾವಲು ಕಾಯ್ತಾ ಇದ್ದೀಯಾ? ಮೇಲೆ ಬಾ."

"ಇಲ್ಲೇ ಇರ್ತೀನಿ. ಇಲ್ಲಿ ಗಾಳಿ ಚೆನ್ನಾಗಿದೆ."

"ಫೆಬ್ರವರಿ ತಿಂಗಳಲ್ಲಿ ಗಾಳಿ ಬೇಕಂತೆ ಮಹಾರಾಣಿಗೆ!"

ಸೊಸೆ ಮೇರಿಮ್ ಬಟ್ಟಲಿಗೆ ಚಹಾ ಸುರಿದು ಎರಡು ಕೈಯಲ್ಲಿ ನೀಡಿದಳು. ಕಲೀಪಾ ಎರಡು ಗುಟುಕು ಕುಡಿದು ಬಟ್ಟಲ ಮೇಲೆ ಅಂಗೈ ಮುಚ್ಚಿದಳು. ಸಾಕು ಅಂತ. ಆರು ವರ್ಷದಿಂದ ಹೀಗೇ. ಅತ್ತೆಗೆ ಸೊಸೆಯ ಕೈಯ ಚಹಾ ಒಗ್ಗುವುದಿಲ್ಲ ಎಂದು ಬೀದಿಗೆಲ್ಲ ಗೊತ್ತಿತ್ತು, ಮೇರಿಮಳಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ನಿಜ ಬೇರೆ ಇತ್ತು. ಕಲೀಪಾಳಿಗೆ ಒಂಬತ್ತು ವರ್ಷದಿಂದ ಉಚ್ಚೆ ತಡೆಯಲಾಗುತ್ತಿರಲಿಲ್ಲ. ಹಗಲು ಹದಿನಾಲ್ಕು ಸಲ, ರಾತ್ರಿ ಐದು ಸಲ. ಬಂತು ಅಂದರೆ ಬಂತು. ತಲೆಗೆ ವಸ್ತ್ರ ಕಟ್ಟಿಕೊಳ್ಳುವಷ್ಟು ಹೊತ್ತೂ ಕಾಯುವುದಿಲ್ಲ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷ ಕೂತವಳು, ಎದುರಿಗೆ ಜನ ಸಾಲಾಗಿ ನಿಂತಿರುವಾಗ ಎದ್ದು ಓಡಿ ಓಡಿ ಬೈಸಿಕೊಂಡು, ಕೊನೆಗೆ ಮಂಡಿನೋವು ಎಂದು ಬರೆದುಕೊಟ್ಟು ಕೆಲಸ ಬಿಟ್ಟಳು. ಎರಡು ಥರದ ಮಾತ್ರೆ ನುಂಗಿ ನೋಡಿದ್ದಳು. ಬಾಯಿ ಒಣಗಿತು, ಹೊಟ್ಟೆ ಕಟ್ಟಿತು, ಉಚ್ಚೆ ಮಾತ್ರ ನಿಲ್ಲಲಿಲ್ಲ. ಯಾರಿಗೂ ಹೇಳಿರಲಿಲ್ಲ. ಮೊದಮೊದಲು ಅಳು ಬರುತ್ತಿತ್ತು, ಈಗ ಅದೂ ಇಲ್ಲ. ಎದ್ದು ಹೋಗುತ್ತಾಳೆ, ಬರುತ್ತಾಳೆ, ಒದ್ದೆ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಾಳೆ. ಅಷ್ಟೇ.

ಆ ಸಂಜೆ ಫೋನ್ ಬಂತು. ಮಗಳು ಬೆಗಿಮಾಯ್. ಎರಡು ವರ್ಷದ ಹಿಂದೆ ಮೂರು ಗಂಟೆ ದಾರಿಯ ಆಚೆ, ಕಣಿವೆ ದಾಟಿ ಕೋಚ್ಕೋರಿಗೆ ಮದುವೆ ಮಾಡಿಕೊಟ್ಟಿದ್ದರು. ಈಗ ತುಂಬು ಬಸುರಿ.

"ಅಮ್ಮಾ, ಮಾರ್ಚ್‌ನಲ್ಲಿ ಹೆರಿಗೆ ಅಂದಿದ್ದಾರೆ. ನಲವತ್ತನೇ ದಿನಕ್ಕೆ ತೊಟ್ಟಿಲು ಶಾಸ್ತ್ರ. ತೊಟ್ಟಿಲು ನೀನೇ ತರ್ಬೇಕು."

"ನಿಮ್ಮಪ್ಪ ತರ್ತಾರೆ."

"ಅಪ್ಪ ತರೋದಲ್ಲ ಅದು! ಹೆತ್ತ ತಾಯಿ ತರ್ಬೇಕು, ಮೇಲೆ ಕೂರ್ಬೇಕು, ಚಹಾ ಕುಡೀಬೇಕು, ಊಟ ಮಾಡ್ಬೇಕು. ಮದುವೇಲಿ ಬಾಗಿಲ ಹತ್ರ ಕೂತು ಅರ್ಧ ಗಂಟೇಲಿ ಎದ್ದು ಹೋದೆ. ಆಮೇಲೆ ಕರೆದಾಗ ಬರ್ಲೇ ಇಲ್ಲ. ನಮ್ಮತ್ತೆ ಏನಂತಾರೆ ಗೊತ್ತಾ? ನಮ್ಮನೆ ನೀರು ನಿಮ್ಮಮ್ಮನ ಗಂಟಲಲ್ಲಿ ಇಳಿಯಲ್ವಾ ಅಂತಾರೆ. ಎಲ್ಲರ ಮುಂದೆ ಅಂತಾರೆ. ಈ ಸಲ ನೀನು ಬರ್ಲಿಲ್ಲ ಅಂದ್ರೆ, ನಾನಿಲ್ಲಿ ತಲೆ ಎತ್ತೋ ಹಾಗಿಲ್ಲ ಅಮ್ಮಾ."

"ಬರ್ತೀನಿ," ಎಂದಳು ಕಲೀಪಾ. ಹೇಗೆ ಎಂಬುದು ಅವಳಿಗೇ ತಿಳಿದಿರಲಿಲ್ಲ.

ಮುಂದಿನ ಗುರುವಾರ ರಾಜಧಾನಿ ಬಿಷ್ಕೆಕ್‌ನ ಆಸ್ಪತ್ರೆಗೆ ಹೋದಳು. ಮಗ ಎರ್ಮೆಕ್ ಟೋಕ್ಮೋಕ್–ಬಿಷ್ಕೆಕ್ ದಾರಿಯಲ್ಲಿ ಬಾಡಿಗೆ ವ್ಯಾನ್ ಓಡಿಸುವವನು. ಹಿಂದಿನ ಸಂಜೆಯಿಂದ ಹನಿ ನೀರು ಮುಟ್ಟದೆ ಅವನ ಪಕ್ಕದ ಸೀಟಿನಲ್ಲಿ ಕಾಲು ಬಿಗಿಹಿಡಿದು ಕೂತು ಹೋದಳು. ಡಾಕ್ಟರಮ್ಮ ನೂರ್ಜಾಮಲ್ ಎಸೆನೋವ್ನಾ ದಪ್ಪ ಕನ್ನಡಕದ ಹೆಂಗಸು, ಮಾತಿನಲ್ಲಿ ಸುತ್ತಿ ಬಳಸುವ ಅಭ್ಯಾಸವಿಲ್ಲ.

"ಮಾತ್ರೆಗೆ ಬಗ್ಗಲಿಲ್ಲ ಅಂದ್ರೆ ಇದು ಹಟಮಾರಿ ಜಾತಿ. ಎರಡು ದಾರಿ ಇದೆ. ಒಂದು, ಒಳಗಿಂದಾನೇ ಕೊಳವೆ ಹಾಕಿ ಮೂತ್ರಕೋಶದ ಗೋಡೆಗೆ ಮದ್ದು ಚುಚ್ಚೋದು. ಕಾಲು ಗಂಟೆ ಕೆಲಸ. ಆದ್ರೆ ಕೆಲವರಿಗೆ ಆಮೇಲೆ ಸ್ವಲ್ಪ ದಿನ ಮೂತ್ರಾನೇ ಬರಲ್ಲ, ತಾವೇ ನಳಿಗೆ ಹಾಕ್ಕೊಂಡು ಬಸ್ಕೋಬೇಕು. ಇನ್ನೊಂದು, ಕಾಲಿನ ಹರಡು ಇದ್ಯಲ್ಲ, ಪಾದದ ಗಂಟು, ಅದರ ಮೇಲೆ ಕೂದಲಿನಂಥ ಸೂಜಿ ಚುಚ್ಚಿ, ಸಣ್ಣಗೆ ಕರೆಂಟ್ ಬಿಡೋದು. ಆ ನರ ಮೂತ್ರಕೋಶದ ನರದ ನೆಂಟ. ವಾರಕ್ಕೊಂದು ಸಲ, ಅರ್ಧ ಗಂಟೆ, ಹನ್ನೆರಡು ವಾರ. ಎಲ್ಲರಿಗೂ ಫಲ ಕೊಡಲ್ಲ, ಈಗಲೇ ಹೇಳ್ಬಿಡ್ತೀನಿ."

"ಕಾಲಿಗಾ ಚುಚ್ಚೋದು?"

"ಕಾಲಿಗೇ."

"ಅದೇ ಮಾಡಿ," ಎಂದಳು ಕಲೀಪಾ. ಕಾಲಿಗಾದರೆ ಮನೆಯಲ್ಲಿ ಹೇಳಿಕೊಳ್ಳಬಹುದಲ್ಲ!

ಹೇಳಿಯೂ ಬಿಟ್ಟಳು. ಕಾಲಿನ ನರ ಹಿಡಿದುಕೊಂಡಿದೆಯಂತೆ, ಹನ್ನೆರಡು ಗುರುವಾರ ಸೂಜಿಯಂತೆ. ಓಸ್ಮೋನ್ ನಂಬಿದ. ನಂಬಿದ್ದಷ್ಟೇ ಅಲ್ಲ, ಬೀದಿಯ ಆ ತುದಿಯಿಂದ ಹೆಬ್ಬಾತಿನ ಕೊಬ್ಬು ತಂದು ರಾತ್ರಿ ಊಟವಾದ ಮೇಲೆ ತಾನೇ ಕೂತು ಅವಳ ಮೀನಖಂಡಕ್ಕೆ ತಿಕ್ಕತೊಡಗಿದ. ಮೂವತ್ತೈದು ವರ್ಷದಲ್ಲಿ ಆ ಮನುಷ್ಯ ಹೆಂಡತಿಯ ಕಾಲು ಮುಟ್ಟಿ ಉಪಚಾರ ಮಾಡಿದ್ದು ಅದೇ ಮೊದಲು. ಕಲೀಪಾ ಗೋಡೆ ನೋಡುತ್ತ ತಿಕ್ಕಿಸಿಕೊಂಡಳು.

"ಇನ್ಮೇಲೆ ನಿಮ್ಮತ್ತೆ ಬಕೆಟ್ ಮುಟ್ಟೋ ಹಾಗಿಲ್ಲ," ಎಂದು ಸೊಸೆಗೆ ಅಪ್ಪಣೆಯಾಯಿತು. "ನೀರು, ಹಸು, ಒಲೆ ಬೂದಿ, ಎಲ್ಲ ನೀನೇ ನೋಡ್ಕೋ."

"ಆಯ್ತು," ಎಂದಳು ಮೇರಿಮ್.

ಮೂರು ಗುರುವಾರ ಕಳೆದವು. ಸೂಜಿ ಚುಚ್ಚಿದಾಗ ಹೆಬ್ಬೆರಳು ತನ್ನಷ್ಟಕ್ಕೆ ಅದುರುತ್ತಿತ್ತು, ಅಂಗಾಲು ಜುಮ್ಮೆನ್ನುತ್ತಿತ್ತು. ಅರ್ಧ ಗಂಟೆ ಅದನ್ನೇ ನೋಡುತ್ತ ಕೂರುವುದು, ಸೂಜಿ ತೆಗೆದ ಮೇಲೆ ಕಾಲುಚೀಲ ಹಾಕಿಕೊಂಡು ಬರುವುದು. ಏನೂ ಬದಲಾಗಲಿಲ್ಲ. ಡಾಕ್ಟರಮ್ಮ ಒಂದು ನೋಟುಪುಸ್ತಕ ಕೊಟ್ಟು, ಎಷ್ಟು ಸಲ ಹೋದೆ, ಎಷ್ಟು ಸಲ ಒದ್ದೆಯಾಯಿತು ಎಂದು ಬರೆಯಲು ಹೇಳಿದ್ದರು. ಅದನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟು ಬರೆಯುತ್ತಿದ್ದಳು. ಆಸೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ.

ಐದನೆಯ ವಾರ ಮನೆಯೊಳಗೆ ಕಿಡಿ ಹಾರಿತು. ಮೇರಿಮ್ ಅಡುಗೆಮನೆಯಲ್ಲಿ ನೂಡಲ್ಸಿಗೆ ಹಿಟ್ಟು ಲಟ್ಟಿಸುತ್ತಿದ್ದಳು. ಅತ್ತೆ ಒಳಗೆ ಬಂದದ್ದೇ ಲಟ್ಟಣಿಗೆ ಕೆಳಗಿಟ್ಟಳು.

"ಅತ್ತೆ, ಬೆಳಗ್ಗೆ ನಿಮ್ಮನ್ನ ನೋಡಿದೆ."

"ಏನು ನೋಡಿದೆ?"

"ಹಸು ಕರೆಯೋಕೆ ಹೋಗ್ತಿದ್ದೆ. ನೀವು ಹಿತ್ತಿಲಲ್ಲಿ ಓಡ್ತಾ ಇದ್ರಿ. ಕಕ್ಕಸಿನ ಕಡೆಗೆ. ಹಿಮದ ಮೇಲೆ, ಬರೀ ಚಪ್ಪಲೀಲಿ, ಹುಡುಗಿ ಹಾಗೆ ಓಡಿದ್ರಿ."

ಕಲೀಪಾ ಹಿಟ್ಟಿನ ಡಬ್ಬದ ಮುಚ್ಚಳ ಬಿಗಿಮಾಡಿದಳು.

"ಬಕೆಟ್ ಎತ್ತೋಕೆ ಬರದ ಕಾಲು ಓಡೋಕೆ ಮಾತ್ರ ಚೆನ್ನಾಗಿ ಬರುತ್ತೆ ಅಲ್ವಾ? ನೋಡಿ ನನ್ನ ಕೈ." ಹಿಟ್ಟು ಮೆತ್ತಿದ ಕೈ ಮುಂದೆ ಚಾಚಿದಳು. ಬೆರಳ ಸಂದಿಗಳು ಚಳಿಗೆ ಒಡೆದು ಕೆಂಪಾಗಿದ್ದವು. "ನನ್ನ ಚಹಾ ಸೇರಲ್ಲ, ಸರಿ. ನಾನು ಸೇರಲ್ಲ, ಅದೂ ಸರಿ. ಅದಕ್ಕೆ ಇಷ್ಟು ದೊಡ್ಡ ನಾಟಕ ಬೇಕಾ?"

ವ್ಯಾನ್ ತೊಳೆದು ಒಳಗೆ ಬಂದ ಎರ್ಮೆಕ್ ಬಾಗಿಲಲ್ಲೇ ನಿಂತ. "ಅಮ್ಮನ ಹತ್ರ ಮಾತಾಡೋ ರೀತೀನಾ ಇದು?"

"ನೀನು ಸುಮ್ನಿರು! ಹದಿನೈದು ಜನ ಹತ್ತಿದ್ರು, ಇಳಿದ್ರು ಅಂದ್ರೆ ನಿನ್ನ ದಿನ ಮುಗೀತು. ನಿಮ್ಮಮ್ಮನ್ನೇ ಕೇಳು, ಓಡಿದ್ರೋ ಇಲ್ವೋ ಅಂತ."

"ಅಮ್ಮಾ?"

ಹೇಳಿಬಿಡಬಹುದಿತ್ತು. ಎರಡೇ ಮಾತು. ಆದರೆ ಎದುರಿಗೆ ಮೂವತ್ತಮೂರು ವರ್ಷದ ಗಂಡುಮಗ ನಿಂತಿದ್ದ.

"ಓಡಿದೆ," ಎಂದಳು ಕಲೀಪಾ. "ಸೋಮಾರಿತನ ಅಂತಾನೇ ಇಟ್ಕೊಳ್ಳಿ."

ಮರುದಿನದಿಂದ ಬಕೆಟ್ಟನ್ನು ತಾನೇ ಎತ್ತಿದಳು. ಅದನ್ನು ಕಂಡ ಓಸ್ಮೋನ್, ಕಾಯಿಲೆಯವಳ ಕೈಲಿ ನೀರು ಹೊರಿಸ್ತೀಯಾ ಎಂದು ಸೊಸೆಯ ಮೇಲೆಯೇ ಹರಿಹಾಯ್ದ. ಮೇರಿಮ್ ಅಂದಿನಿಂದ ಅತ್ತೆಯೊಡನೆ ಬೇಕಾದಷ್ಟೇ ಮಾತು. ಚಹಾ ಕೊಡುವಾಗ ಮುಖ ಬೇರೆ ಕಡೆ.

ಆರನೆಯ ವಾರ ಬೆಗಿಮಾಯ್ ಗಂಡು ಹೆತ್ತಳು. ಓಸ್ಮೋನ್ ಕುರಿ ಕಡಿದು ಬೀದಿಗೆಲ್ಲ ಹಂಚಿದ, ಬೀಗರಿಗೆ ಫೋನ್ ಹಚ್ಚಿ ಅರ್ಧ ಗಂಟೆ ಮಾತಾಡಿದ. ಮಾತಿನ ನಡುವೆ ಹೆಂಡತಿಯ ಕಾಲಿನ ವಿಷಯವನ್ನೂ ಸೇರಿಸಿದ. ಎರಡು ವರ್ಷದಿಂದ ನಿಮ್ಮ ಮನೆಗೆ ಬಾರದ್ದು ಕೊಬ್ಬಿನಿಂದಲ್ಲ, ಪಾಪ ಕಾಲು ಅವಳದ್ದು, ಈಗ ಪಟ್ಟಣದಲ್ಲಿ ಸೂಜಿ ಹಾಕಿಸ್ತಿದ್ದೀವಿ ಎಂದ. ಆ ಕಡೆ ಬೀಗಿತ್ತಿ ಶಾರ್ಕುಲಳಿಗೆ ಮರುಕ ಉಕ್ಕಿತು. ಅಯ್ಯೋ, ಮೊದಲೇ ಹೇಳಬಾರದಾ, ನಾವೇನೇನೋ ಅಂದುಕೊಂಡುಬಿಟ್ಟೆವಲ್ಲ ಎಂದಳು. ಏಳು ಮೆತ್ತೆ ಹಾಸಿ ಕೂರಿಸ್ತೀವಿ, ಎದ್ದೇಳೋಕೂ ಬಿಡಲ್ಲ ಅಂತ ಹೇಳಿಬಿಡಿ ಎಂದಳು.

"ಕೇಳಿದ್ಯಾ ಮುದುಕೀ? ಎದ್ದೇಳೋಕೂ ಬಿಡಲ್ವಂತೆ!" ಓಸ್ಮೋನನ ಮುಖ ಅರಳಿತ್ತು.

"ಕೇಳಿಸ್ತು," ಎಂದಳು ಕಲೀಪಾ.

ತೊಟ್ಟಿಲು ಬಂತು. ಕೆಂಪು ಬಳಿದ ವಿಲ್ಲೋ ಮರದ್ದು, ಮಗುವಿನ ಉಚ್ಚೆ ಹರಿದುಹೋಗಲು ನಡುವೆ ತೂತು, ಅದಕ್ಕೆ ಸಿಕ್ಕಿಸುವ ಮರದ ಪುಟ್ಟ ಕೊಳವೆ. ಓಸ್ಮೋನ್ ಆ ಕೊಳವೆಯನ್ನು ಸಿಗರೇಟಿನ ಹಾಗೆ ತುಟಿಗಿಟ್ಟು ಎಲ್ಲರನ್ನೂ ನಗಿಸಿದ. ಕಲೀಪಾ ಅದನ್ನು ಕಿತ್ತುಕೊಂಡು ತೊಳೆದಿಟ್ಟಳು.

ಒಂಬತ್ತನೆಯ ಗುರುವಾರ ಎರ್ಮೆಕ್‌ನ ವ್ಯಾನ್ ಕೆಟ್ಟು ನಿಂತಿತು. ಬೇರೆ ವ್ಯಾನಿನಲ್ಲಿ ಒಬ್ಬಳೇ ಹೋಗುತ್ತೇನೆ ಎಂದು ಕಲೀಪಾ ಎಷ್ಟು ಹೇಳಿದರೂ ಓಸ್ಮೋನ್ ಕೇಳಲಿಲ್ಲ. ಸೊಸೆಯನ್ನು ಜೊತೆಗೆ ಅಟ್ಟಿದ. ಇಬ್ಬರೂ ವ್ಯಾನಿನ ಬೇರೆ ಬೇರೆ ಸಾಲಿನಲ್ಲಿ ಕೂತರು. ಆಸ್ಪತ್ರೆಯಲ್ಲಿ ಕಲೀಪಾ, ನೀನು ಹೊರಗೇ ಕೂತಿರು ಎಂದಳು. ಆದರೆ ಡಾಕ್ಟರಮ್ಮ ಬಾಗಿಲು ತೆರೆದು ಇಣುಕಿದರು.

"ಇವರು ಮಗಳಾ?"

"ಸೊಸೆ," ಎಂದಳು ಮೇರಿಮ್ ಎದ್ದುನಿಂತು.

"ಒಳ್ಳೇದಾಯ್ತು, ಒಳಗೆ ಬಾಮ್ಮ. ಮನೇಲಿ ಒಬ್ಬರಿಗಾದ್ರೂ ಗೊತ್ತಿರ್ಬೇಕು." ಕಲೀಪಾಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸೂಜಿ ಚುಚ್ಚುತ್ತಲೇ ಕೇಳಿದರು, "ಹೇಳಿ, ಈ ವಾರ ಹೇಗೆ? ರಾತ್ರಿ ಎಷ್ಟು ಸಲ ಎದ್ರಿ?"

ಕಲೀಪಾ ಗೋಡೆಯ ಕ್ಯಾಲೆಂಡರ್ ನೋಡಿದಳು. "ಮೂರು ಸಲ."

"ಮೊದಲು ಐದಿತ್ತು. ಹಗಲು?"

"ಹತ್ತು."

"ಬಟ್ಟೆ ಒದ್ದೆ ಆಯ್ತಾ?"

"ಎರಡು ಸಲ."

"ದಿನಾ ಆಗ್ತಿತ್ತು ಮೊದಲು. ನೋಡಿ, ಮೂತ್ರಕೋಶ ದಾರಿಗೆ ಬರ್ತಾ ಇದೆ. ಬಂತು ಅನ್ನಿಸಿದ ತಕ್ಷಣ ಓಡ್ಬೇಡಿ. ಕೂತಲ್ಲೇ ಬಿಗಿಹಿಡಿದು ಕಾಯಿರಿ. ಆ ಅಲೆ ಇಳಿದ ಮೇಲೆ ನಿಧಾನವಾಗಿ ನಡೆದು ಹೋಗಿ. ಮೊದಲು ಒಂದು ನಿಮಿಷ ಸಿಗ್ತಿತ್ತು, ಈಗ ಐದು ನಿಮಿಷ ಸಿಗುತ್ತೆ. ಹಟಮಾರಿಗೆ ಇದೇ ದೊಡ್ಡದು."

ಮೇರಿಮ್ ಅತ್ತೆಯ ಕೋಟನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದಳು. ಕಲೀಪಾಳ ಹೆಬ್ಬೆರಳು ಅರ್ಧ ಗಂಟೆ ಅದುರುತ್ತಲೇ ಇತ್ತು.

ವ್ಯಾನ್ ನಿಲ್ದಾಣದಲ್ಲಿ ಮೇರಿಮ್ ಎರಡು ಸಮ್ಸಾ ಕೊಂಡು ತಂದಳು. ಇಬ್ಬರೂ ನಿಂತುಕೊಂಡೇ, ಬಿಸಿಬಿಸಿ ಮಾಂಸದ ಸಮ್ಸಾವನ್ನು ಕಾಗದದಲ್ಲಿ ಹಿಡಿದು ತಿಂದರು.

"ನನ್ನ ಚಹಾ ಕುಡೀದೆ ಇದ್ದಿದ್ದು ಇದಕ್ಕಾ?"

"ಹೂಂ."

"ಆರು ವರ್ಷ, ಅತ್ತೆ! ಹಾಲು ಹೆಚ್ಚು ಮಾಡಿ ನೋಡಿದೆ, ಉಪ್ಪು ಹಾಕಿ ನೋಡಿದೆ, ಬೇರೆ ಅಂಗಡಿ ಪುಡಿ ತಂದೆ. ನಮ್ಮಮ್ಮನಿಗೆ ಫೋನ್ ಮಾಡಿ ಅತ್ತಿದ್ದೀನಿ."

"ಚಹಾ ಚೆನ್ನಾಗೇ ಇತ್ತು," ಎಂದಳು ಕಲೀಪಾ. ಆಮೇಲೆ, "ಯಾರಿಗೂ ಹೇಳ್ಬೇಡ. ನಿಮ್ಮ ಮಾವನಿಗೂ. ಎರ್ಮೆಕ್‌ಗೂ."

"ಹೇಳಲ್ಲ."

"ಬೆಗಿಮಾಯ್‌ಗೂ."

"ಹೇಳಲ್ಲ ಅಂದ್ನಲ್ಲ ಅತ್ತೆ. ತಿನ್ನಿ, ಆರೋಗುತ್ತೆ."

ಹನ್ನೊಂದನೆಯ ಗುರುವಾರ ಕಳೆದು ಎರಡು ದಿನಕ್ಕೆ ಕೋಚ್ಕೋರಿಗೆ ಹೊರಟರು. ಮೇರಿಮ್ ತನ್ನ ಐದು ವರ್ಷದ ಹೆಣ್ಣುಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟಳು. ವ್ಯಾನಿನ ಹಿಂದೆ ತೊಟ್ಟಿಲು, ಬಟ್ಟೆಗಂಟು, ಎರಡು ಮೂಟೆ ಕರಿದ ಹಿಟ್ಟಿನ ಬೋರ್ಸೋಕ್. ಕಣಿವೆಯಲ್ಲಿ ಎರಡು ಕಡೆ ಮೇರಿಮ್ ಹೊಟ್ಟೆ ತೊಳಸುತ್ತಿದೆ ಎಂದು ವ್ಯಾನ್ ನಿಲ್ಲಿಸಿ, ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಬಂಡೆಯ ಮರೆಗೆ ಹೋದಳು. ಬಸುರೇನೋ ಎಂದು ಓಸ್ಮೋನ್ ಮೀಸೆಯೊಳಗೇ ನಕ್ಕ.

ಶಾರ್ಕುಲ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಗಂಡಸರಿಗೆ ಬೇರೆ ಕೋಣೆ, ಹೆಂಗಸರಿಗೆ ದೊಡ್ಡ ಕೋಣೆ. ಒಳಗೋಡೆಯ ನಟ್ಟನಡುವೆ ಒಂದರ ಮೇಲೊಂದು ಏಳು ಮಖಮಲ್ಲಿನ ಮೆತ್ತೆ. ಕಲೀಪಾಳನ್ನು ಎರಡೂ ಕಡೆ ಹಿಡಿದು ಅದರ ಮೇಲೆ ಕೂರಿಸಿದರು. ಎಡಕ್ಕೆ ಬಲಕ್ಕೆ ಮುದುಕಿಯರು, ಮುಂದೆ ತಟ್ಟೆ ಬಟ್ಟಲು ತುಂಬಿದ ಉದ್ದನೆಯ ಹಾಸುಬಟ್ಟೆ, ಅದರಾಚೆ ಇನ್ನೊಂದು ಸಾಲು. ಮೂವತ್ತು ಹೆಂಗಸರು. ಬಾಗಿಲು ಹದಿನೈದು ಹೆಜ್ಜೆ ದೂರ. ಅವಳು ಏಳಬೇಕಾದರೆ ಹನ್ನೆರಡು ಜನ ಏಳಬೇಕು.

ಒಂಬತ್ತು ಹೆತ್ತ ಎಂಬತ್ತರ ಅಜ್ಜಿ ಸೈಕಾಲ್ ತೊಟ್ಟಿಲಿಗೆ ಅರ್ಚಾ ಗಿಡದ ಹೊಗೆ ತೋರಿಸಿ ಮಗುವನ್ನು ಮಲಗಿಸಿ ಕಟ್ಟಿದಳು. ಬೆಗಿಮಾಯ್ ಬಿಳಿ ವಸ್ತ್ರ ಹೊದ್ದು ಗೋಡೆಯ ಪಕ್ಕ ನಿಂತಿದ್ದಳು. ತಾಯಿ ಮೇಲೆ ಕೂತಿರುವುದನ್ನು ನೋಡುತ್ತಿದ್ದ ಅವಳ ಮುಖದಲ್ಲಿ ಎರಡು ವರ್ಷದ ನಂತರ ಗೆಲುವಿತ್ತು. ಸೊಸೆಯರು ಚಹಾ ಸುರಿದರು. ಚಿಕ್ಕ ವಯಸ್ಸಿನವಳು ಸುಮ್ಮನೆ ಕೂರಬಾರದೆಂದು ಮೇರಿಮ್ ಕೂಡ ಹಾಲಿನ ಜಗ್ಗು ಹಿಡಿದು ಓಡಾಡಿದಳು.

"ಕುಡೀರಿ ಬೀಗಿತ್ತಿ, ನಮ್ಮನೆ ನೀರು ಇವತ್ತಾದ್ರೂ ಇಳೀಲಿ," ಎಂದಳು ಶಾರ್ಕುಲ್. ಎಲ್ಲರೂ ನಕ್ಕರು. ಕಲೀಪಾ ಕುಡಿದಳು. ಎರಡನೆಯ ಬಟ್ಟಲು ಬೆಗಿಮಾಯ್ ತಂದಳು, ಅದನ್ನೂ ಕುಡಿದಳು. ಮೂರನೆಯದನ್ನು ಸೈಕಾಲ್ ಅಜ್ಜಿ ಬಲವಂತ ಮಾಡಿದಳು.

ಒಂದು ಗಂಟೆ ದಾಟಿತು. ಮೊದಲ ಸಲ ಬಂದಾಗ ಬಿಗಿಹಿಡಿದು ಕೂತಳು. ಇಳಿಯಿತು. ಎರಡನೆಯ ಸಲವೂ ಇಳಿಯಿತು. ಒಂಬತ್ತು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ಮಾಂಸದ ಹರಿವಾಣ ಬಂತು, ಹಿರಿಯ ಹೆಂಗಸಿಗೆ ಸಲ್ಲುವ ಕುರಿಯ ಹಿಂಭಾಗದ ತುಂಡನ್ನು ಅವಳ ಮುಂದಿಟ್ಟರು. ಆಗ ಮೂರನೆಯ ಸಲ ಬಂತು. ಐದು ನಿಮಿಷ ಇದೆ ಎಂದು ಲೆಕ್ಕ ಹಾಕಿ ಏಳಲು ಕೈ ಊರಿದಳು.

"ಅಯ್ಯೋ, ಏಳ್ಬೇಡಿ, ಏಳ್ಬೇಡಿ! ಏನು ಬೇಕು ಹೇಳಿ, ಕಾಲು ನೋಯಿಸ್ಕೋಬೇಡಿ," ಎಂದು ಪಕ್ಕದವಳು ಭುಜ ಹಿಡಿದು ಕೂರಿಸಿದಳು. ಆ ಕಡೆಯವಳು ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟಳು. ಶಾರ್ಕುಲ್ ಅಲ್ಲಿಂದಲೇ ಕೂಗಿದಳು, "ಅಲ್ಲಾಡಿಸ್ಬೇಡಿ ಅವರನ್ನ!"

ಐದು ನಿಮಿಷ ಅವರ ಮರ್ಯಾದೆಯಲ್ಲೇ ಕಳೆಯಿತು. ಬಿಸಿ ಹರಿದದ್ದು ಕಲೀಪಾಳಿಗೆ ಗೊತ್ತಾಯಿತು. ಅವಳು ಅಲ್ಲಾಡಲಿಲ್ಲ, ಮುಖ ಬದಲಿಸಲಿಲ್ಲ. ತಟ್ಟೆಯ ಮಾಂಸ ನೋಡುತ್ತ ಕೂತಳು. ತಲೆ ಎತ್ತಿದಾಗ ಸಾಲಿನಾಚೆಯಿಂದ ಮೇರಿಮ್ ಅವಳನ್ನೇ ನೋಡುತ್ತಿದ್ದಳು. ಮರುಗಳಿಗೆ ಮೇರಿಮ್ ಹೆಂಗಸರ ಮಂಡಿ ದಾಟಿಕೊಂಡು ಬಂದು, ಎಡವಿ, ಜಗ್ಗಿನ ಹಾಲಷ್ಟನ್ನೂ ಅತ್ತೆಯ ಮಡಿಲಿಗೂ ಮೆತ್ತೆಗೂ ಚೆಲ್ಲಿಬಿಟ್ಟಳು.

ಚಹಾ ಚೆಲ್ಲಿದ್ದರೆ ನಗುತ್ತಿದ್ದರೇನೋ. ಇದು ಹಾಲು, ಅದೂ ಬಾಣಂತಿಯ ಮನೆಯಲ್ಲಿ, ತೊಟ್ಟಿಲ ಎದುರು.

"ಅಯ್ಯೋ ದೇವರೇ, ಹಾಲು!" ಎಂದಳು ಒಬ್ಬಳು. "ಎಡವಿದ್ದಾ ಅದು? ಎಲ್ಲಿ ಎಡವಿದ್ಲು? ನಾನು ನೋಡ್ತಾನೇ ಇದ್ದೆ," ಎಂದಳು ಇನ್ನೊಬ್ಬಳು. "ಇವಳಿಗೆ ಒಂದೇ ಹೆಣ್ಣಂತೆ. ಗಂಡುಮಗು ನೋಡಿ ಹೊಟ್ಟೆ ಉರಿ," ಎಂದಿತು ಮೂರನೆಯ ದನಿ, ಎಲ್ಲರಿಗೂ ಕೇಳುವ ಹಾಗೆ. ಬೆಗಿಮಾಯ್ ಬೆಳ್ಳಗಾಗಿ ತೊಟ್ಟಿಲಿಗೆ ಅಡ್ಡ ನಿಂತಳು. ಮೂವತ್ತು ಮುಖಗಳು ಕಲೀಪಾಳ ಕಡೆ ತಿರುಗಿದವು. ಸೊಸೆಯ ತಪ್ಪಿಗೆ ಅತ್ತೆ ಬಾಯಿ ಬಿಡಬೇಕಲ್ಲ.

"ಕಣ್ಣೇನು ಕುರುಡಾ ನಿಂಗೆ?" ಎಂದಳು ಕಲೀಪಾ. "ಕೈಗೇನು ಬಂದಿತ್ತು? ಹೋಗು ಇಲ್ಲಿಂದ!"

ಮೇರಿಮ್ ತಲೆ ತಗ್ಗಿಸಿ ಖಾಲಿ ಜಗ್ಗು ಹಿಡಿದು ಹೊರಗೆ ಹೋದಳು.

ಕಲೀಪಾಳಿಗೆ ಬೇರೆ ಲಂಗ ಉಡಿಸಿದರು. ಊಟ ಮುಗಿದು, ಅಂಗೈ ಮುಖಕ್ಕೆ ಸವರಿ ಆಶೀರ್ವಾದವಾದ ಮೇಲೆ ಬೀಗರು ಹೊರಟರು. ಬಾಗಿಲವರೆಗೆ ಬಂದ ಶಾರ್ಕುಲ್ ಎಲ್ಲರನ್ನೂ ತಬ್ಬಿದಳು, ಮೇರಿಮಳೊಬ್ಬಳನ್ನು ಬಿಟ್ಟು. ಬೆಗಿಮಾಯ್ ಅತ್ತಿಗೆಯ ಮುಖ ನೋಡಲಿಲ್ಲ.

ವ್ಯಾನ್ ಊರು ದಾಟಿತು. ಓಸ್ಮೋನ್ ಮುಂದಿನ ಸೀಟಿನಿಂದಲೇ ಶುರುಮಾಡಿದ.

"ನಮ್ಮ ಮಾನ ಕಳೆದ್ಯಲ್ಲಮ್ಮ! ಇಡೀ ಕೋಚ್ಕೋರ್ ಆಡ್ಕೊಳ್ಳೋ ಹಾಗೆ ಮಾಡಿದೆ. ನಾಳೆ ಆ ಹುಡುಗಿಗೆ ಎದೆಹಾಲು ಕಮ್ಮಿ ಆದ್ರೂ ನಿನ್ನ ಹೆಸರೇ. ಮಗುಗೆ ಜ್ವರ ಬಂದ್ರೂ ನಿನ್ನ ಹೆಸರೇ."

"ಬೇಕಂತ ಮಾಡಿದ್ಯಾ?" ಎರ್ಮೆಕ್ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. "ಅಲ್ಲಿ ಗಂಡಸರ ಹತ್ರಾನೂ ಬಂದು ಹೇಳಿದ್ರು. ಹೇಳು, ಬೇಕಂತಾನಾ?"

ಮೇರಿಮ್ ಕಿಟಕಿಯಾಚೆ ನೋಡುತ್ತಿದ್ದಳು. ಹೇಳಲ್ಲ ಅಂದಿದ್ದಳು, ಹೇಳಲಿಲ್ಲ.

ಕಲೀಪಾ ಬೀಗಿತ್ತಿಯ ಲಂಗದ ಮೇಲೆ ಕೈಯಿಟ್ಟು ಕೂತಿದ್ದಳು. ಬಾಯಿ ಬಿಟ್ಟರೆ ಉಚ್ಚೆ ಹೊಯ್ದವಳ ಮಗಳು ಎಂದು ಬೆಗಿಮಾಯ್‌ಳನ್ನು ಆ ಮನೆಯಲ್ಲಿ ಸಾಯುವತನಕ ಕರೆಯುತ್ತಾರೆ. ಬಿಡದಿದ್ದರೆ ಮೇರಿಮ್ ಆ ಮಗುವಿನ ತೊಟ್ಟಿಲ ಹತ್ತಿರ ಇನ್ನೆಂದೂ ಸುಳಿಯುವ ಹಾಗಿಲ್ಲ, ಈ ವ್ಯಾನಿನಲ್ಲೂ ಅವಳಿಗೆ ನೆಮ್ಮದಿಯಿಲ್ಲ. ಮಗಳ ಮಾನವೋ ಸೊಸೆಯ ಮಾನವೋ ಎಂದು ತೂಗುತ್ತ ಕೂತಳು, ತೂಗಿ ಮುಗಿಯಲಿಲ್ಲ. ಘಾಟಿಯ ಏರು ಶುರುವಾಯಿತು. ಪಕ್ಕದಲ್ಲಿ ಮೇರಿಮಳ ಒಡೆದ ಕೈ ಸೀಟಿನ ಮೇಲಿತ್ತು, ಹಾಲು ಒಣಗಿ ಬೆರಳು ಅಂಟಂಟಾಗಿತ್ತು.

"ವ್ಯಾನ್ ತಿರುಗ್ಸು," ಎಂದಳು.

"ಏನು ಮರೆತ್ಯಮ್ಮ?"

"ಹಾಲು ಚೆಲ್ಲೋಕ್ಕಿಂತ ಮುಂಚೇನೇ ಮೆತ್ತೆ ಒದ್ದೆ ಆಗಿತ್ತು. ನಾನು ಒಂದಕ್ಕೆ ಮಾಡ್ಕೊಂಡುಬಿಟ್ಟಿದ್ದೆ. ಇವಳು ಮುಚ್ಚೋಕೆ ಚೆಲ್ಲಿದ್ಲು. ತಿರುಗ್ಸು."

ಎರ್ಮೆಕ್ ಬ್ರೇಕ್ ಒತ್ತಿದ. ಓಸ್ಮೋನ್ ಸೀಟಿನಲ್ಲೇ ಪೂರ್ತಿ ಹಿಂದಕ್ಕೆ ತಿರುಗಿದ.

"ಹಾಗಾದ್ರೆ ಕಾಲು?" ಎಂದ ಓಸ್ಮೋನ್.

"ಕಾಲಿಗೇನೂ ಆಗಿಲ್ಲ. ಸೂಜಿ ಇದಕ್ಕೇ. ಒಂಬತ್ತು ವರ್ಷದಿಂದ ಹೀಗೆ."

"ಎರಡು ಡಬ್ಬ ಹೆಬ್ಬಾತಿನ ಕೊಬ್ಬು ತಿಕ್ಕಿದ್ನಲ್ಲೇ ನಾನು!"

"ತಿಕ್ಕಿದ್ರಿ."

"ಬೇಡ ಅತ್ತೆ," ಎಂದಳು ಮೇರಿಮ್, ಆಗ ಮೊದಲ ಬಾರಿಗೆ. "ಬೆಗಿಮಾಯ್ ಅಲ್ಲಿ ಬಾಳ್ಬೇಕು. ನನ್ನದೇನು, ವರ್ಷಕ್ಕೊಂದು ಸಲ ಹೋಗೋ ಊರು."

"ನಿನ್ನ ಬೈದೆ ನಾನು. ಅಷ್ಟು ಜನರ ಮುಂದೆ," ಎಂದಳು ಕಲೀಪಾ. "ಎರ್ಮೆಕ್, ತಿರುಗ್ಸೋ."

ಶಾರ್ಕುಲ್ ಅಂಗಳದಲ್ಲಿದ್ದಳು. ಮೇಲಿನ ಮೂರು ಮೆತ್ತೆಗಳನ್ನು ಬೇಲಿಗೆ ಹಾಕಿ, ತೋಳು ಮಡಿಚಿ, ಬಕೆಟ್ಟಿನ ನೀರಿನಿಂದ ಉಜ್ಜುತ್ತಿದ್ದಳು. ಕಲೀಪಾ ಒಬ್ಬಳೇ ಇಳಿದು ಹೋದಳು.

"ಬೀಗಿತ್ತಿ, ಅದು ಹಾಲಲ್ಲ. ಬರೀ ಹಾಲಲ್ಲ."

"ಗೊತ್ತು," ಎಂದಳು ಶಾರ್ಕುಲ್ ಉಜ್ಜುವುದನ್ನು ನಿಲ್ಲಿಸದೆ. "ಎಂಟು ಮೊಮ್ಮಕ್ಕಳ ಬಟ್ಟೆ ಒಗೆದವಳು ನಾನು. ಹಾಲು ಹೀಗೆ ನಾರಲ್ಲ."

"ನನ್ನ ಸೊಸೆ ತಪ್ಪಿಲ್ಲ. ಅದು ಹೇಳೋಕೆ ಬಂದೆ."

"ನನಗೆ ಹೇಳಿ ಏನು ಬಂತು? ಅವಳ ಹೆಸರು ಕೆಟ್ಟಿರೋದು ಇಲ್ಲಿ ಬೇಲಿ ಹತ್ರ ಅಲ್ಲ, ಒಳಗೆ. ಇನ್ನೂ ಎಲ್ಲರೂ ಕೂತಿದ್ದಾರೆ, ಅದೇ ಮಾತಾಡ್ತಾ ಇದ್ದಾರೆ. ನಾನು ಹೇಳಲಾ, ನೀವೇ ಹೇಳ್ತೀರಾ?"

ಕಲೀಪಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಹೆಂಗಸರು ಮಾತು ನಿಲ್ಲಿಸಿದರು, ಇಬ್ಬರು ದಾರಿ ಬಿಡಲು ಎದ್ದರು. ಅವಳು ನಿಂತಲ್ಲೇ ನಿಂತು, ಅಂಚೆ ಕಚೇರಿಯಲ್ಲಿ ಜನರಿಗೆ ದರ ಹೇಳುತ್ತಿದ್ದ ಅದೇ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿದಳು. ಮೆತ್ತೆ ಒದ್ದೆ ಮಾಡಿದ್ದು ತಾನು. ತನಗೆ ಮೂತ್ರ ನಿಲ್ಲುವುದಿಲ್ಲ. ಕಾಲುನೋವು ಸುಳ್ಳು. ಸೊಸೆ ತನ್ನ ಮಾನ ಮುಚ್ಚಿದಳು, ಅವಳನ್ನು ಬೈದದ್ದು ತಾನು. ಬಾಣಂತಿಯ ಹಾಲಿಗೂ ಮಗುವಿಗೂ ಅವಳಿಂದ ಏನೂ ಆಗಿಲ್ಲ.

ಹೊಟ್ಟೆ ಉರಿ ಎಂದಿದ್ದ ಹೆಂಗಸು ಬೋರ್ಸೋಕ್‌ನ ಚೂರನ್ನು ಬೆರಳಲ್ಲಿ ಹೊಸಕುತ್ತಿದ್ದಳು. ಬೆಗಿಮಾಯ್ ಮಗುವನ್ನು ಎತ್ತಿಕೊಂಡು ಬಂದು ತಾಯಿಯ ಪಕ್ಕ ನಿಂತಳು. ಅವಳ ಮುಖ ಸುಟ್ಟ ಹಾಗೆ ಕೆಂಪಾಗಿತ್ತು, ಆದರೂ ನಿಂತಿದ್ದಳು.

"ಕಾಲಿಗೆ ಸೂಜಿ ಅಂತ ಶಾರ್ಕುಲ್ ಅಂದಿದ್ಲಲ್ಲ," ಎಂದು ಮೇಲಿನಿಂದ ದನಿ ಬಂತು. ಸೈಕಾಲ್ ಅಜ್ಜಿ. "ಅದೂ ಸುಳ್ಳಾ?"

"ಇಲ್ಲ ಅಜ್ಜಿ. ಸೂಜಿ ನಿಜ. ಹನ್ನೊಂದಾಗಿದೆ, ಇನ್ನೊಂದಿದೆ. ಪೂರ್ತಿ ನಿಂತಿಲ್ಲ. ಅರ್ಧ ಕಮ್ಮಿ ಆಗಿದೆ."

"ಅರ್ಧ," ಎಂದಳು ಅಜ್ಜಿ. ಊಟದ ಹಾಸುಬಟ್ಟೆಯ ಕಡೆಗೆ ಕಾಲು ಚಾಚುವುದು ಆ ಊರಿನಲ್ಲಿ ಸಣ್ಣ ಮಕ್ಕಳಿಗೂ ಏಟು ತಿನ್ನಿಸುವ ತಪ್ಪು. ಸೈಕಾಲ್ ಅಜ್ಜಿ ಎರಡು ಕೈಯಿಂದ ತನ್ನ ಎಡಗಾಲನ್ನು ಹಿಡಿದು, ರೊಟ್ಟಿ ಬಟ್ಟಲುಗಳ ನಡುವೆ ನೀಟಾಗಿ ಚಾಚಿ, ಉಣ್ಣೆಯ ಕಾಲುಚೀಲವನ್ನು ಹರಡಿನ ಕೆಳಗಿನವರೆಗೆ ಜಾರಿಸಿದಳು.

"ಬಾ ಇಲ್ಲಿ. ಎಲ್ಲಿ ಚುಚ್ತಾರೆ, ತೋರ್ಸು."